ಮರೆತವರ ನಗುವನ್ನು ಅಳೆಯುವುದು ಹೇಗೆ?

“ಅರವತ್ತಕ್ಕೆ ಅರಳು ಮರಳು” ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಮುಪ್ಪಿನಲ್ಲಿ ಮರೆವು ಬರುವುದು, ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುವುದು, ಮಕ್ಕಳಂತೆ ಹಟ ಹಿಡಿಯುವುದು ಎಲ್ಲವೂ ಸಹಜವೆಂದು ಹಿಂದಿನವರು ತಿಳಿದಿದ್ದರು. ಈ ತಿಳಿವಳಿಕೆಯಲ್ಲಿ ಅರ್ಧ ಮಾತ್ರ ಸತ್ಯವಿದೆ. ಸಂತೆಗೆ ಹೋದ ಅಜ್ಜ ಉಪ್ಪು ತರುವುದನ್ನು ಮರೆತು ಬಂದರೆ ಅದು ವಯಸ್ಸಿನ ಮರೆವು. ನಲವತ್ತು ವರ್ಷ ಓಡಾಡಿದ ಅದೇ ಸಂತೆಯಿಂದ ಮನೆಗೆ ಬರುವ ದಾರಿಯೇ ಮರೆತುಹೋದರೆ ಅದಕ್ಕೆ ವಯಸ್ಸನ್ನು ದೂರಿ ಸುಮ್ಮನಾಗುವಂತಿಲ್ಲ. ಅದು ರೋಗ. ವೈದ್ಯರು ಅದನ್ನು ಡಿಮೆನ್ಷಿಯಾ ಎನ್ನುತ್ತಾರೆ. ಕನ್ನಡದಲ್ಲಿ ಮರೆಗುಳಿ ರೋಗವೆಂಬ ಹೆಸರು ಬಳಕೆಗೆ ಬಂದಿದೆ.

ಇದು ಹುಚ್ಚಲ್ಲ, ಯಾರ ಶಾಪವೂ ಅಲ್ಲ. ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ಶೇ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಈ ರೋಗವಿದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜು ಮಾಡಿತು. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಗಳಲ್ಲಿ ಇದರ ಪ್ರಮಾಣ ಹೆಚ್ಚು. ಆದುದರಿಂದ ಇದು ದೊಡ್ಡ ಊರುಗಳ, ದೊಡ್ಡ ಜನರ ಕಾಯಿಲೆಯೆಂದು ಇಳಕಲ್ಲು, ಹುನಗುಂದ, ಬಾದಾಮಿಯ ಜನ ನಿಶ್ಚಿಂತರಾಗಿರುವಂತಿಲ್ಲ.

ಮೆದುಳಿನಲ್ಲಿ ಆಗುವುದೇನು?

1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಆಸ್ಪತ್ರೆಗೆ ಆಗಸ್ಟೆ ಡೀಟರ್ ಎಂಬ 51 ವರ್ಷದ ಮಹಿಳೆಯನ್ನು ಕರೆತಂದರು. ಆಕೆಗೆ ತನ್ನ ಗಂಡನ ಹೆಸರು ಹೇಳಲು, ತನ್ನ ಹೆಸರು ಬರೆಯಲು ಕೂಡ ಕಷ್ಟವಾಗುತ್ತಿತ್ತು. ಆಕೆಯನ್ನು ನೋಡಿಕೊಂಡ ವೈದ್ಯ ಅಲೋಯಿಸ್ ಆಲ್ಜೈಮರ್. ಐದು ವರ್ಷಗಳ ನಂತರ ಆಕೆ ತೀರಿಕೊಂಡಾಗ ಆತ ಮೆದುಳಿನ ತೆಳುವಾದ ಪದರಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ. ನರಕೋಶಗಳ ಹೊರಗೆ ಗಸಿಯಂತಹ ಹರಳುಗಳೂ ಕೋಶಗಳ ಒಳಗೆ ಸಿಕ್ಕುಬಿದ್ದ ನೂಲಿನಂತಹ ಎಳೆಗಳೂ ಕಂಡವು. 1906ರ ನವೆಂಬರಿನಲ್ಲಿ ಆತ ಈ ಸಂಗತಿಯನ್ನು ವೈದ್ಯರ ಸಭೆಯೊಂದರಲ್ಲಿ ವಿವರಿಸಿದ. 1910ರಲ್ಲಿ ರೋಗಕ್ಕೆ ಅವನ ಹೆಸರೇ ನಿಂತಿತು. ಡಿಮೆನ್ಷಿಯಾಕ್ಕೆ ಅನೇಕ ಕಾರಣಗಳಿದ್ದರೂ ಅತಿ ಹೆಚ್ಚು ಕಂಡುಬರುವುದು ಈ ಆಲ್ಜೈಮರ್ ರೋಗವೇ. ಮೆದುಳಿನ ಸಣ್ಣ ರಕ್ತನಾಳಗಳು ಕಟ್ಟಿಕೊಂಡು ಬರುವ ಮರೆವು ಎರಡನೆಯದು.

ಹೊರಗಿನ ಹರಳುಗಳು ಅಮಿಲಾಯ್ಡ್ ಎಂಬ ಪ್ರೋಟೀನಿನವು, ಒಳಗಿನ ಸಿಕ್ಕುಗಳು ಟೌ ಎಂಬ ಪ್ರೋಟೀನಿನವು. ನೂಲು ಸಿಕ್ಕಾದರೆ ಮಗ್ಗ ನಿಲ್ಲುತ್ತದೆ ಎಂಬುದು ನೇಕಾರರ ಮನೆಯ ಮಕ್ಕಳಿಗೆಲ್ಲ ಗೊತ್ತು. ಇಲ್ಲಿಯೂ ಹಾಗೆಯೇ: ಕೋಶಗಳ ನಡುವಿನ ಸಂದೇಶ ನಿಂತು ಅವು ಒಂದೊಂದಾಗಿ ಸಾಯುತ್ತವೆ. ಮೊದಲು ಪೆಟ್ಟು ತಿನ್ನುವ ಭಾಗಗಳಲ್ಲಿ ಹಿಪೊಕ್ಯಾಂಪಸ್ ಮುಖ್ಯವಾದುದು. ಗ್ರೀಕ್ ಭಾಷೆಯಲ್ಲಿ ಇದರ ಅರ್ಥ ಕಡಲಕುದುರೆ. ಆಕಾರವೂ ಹಾಗೆಯೇ ಇದೆ. ಹೊಸದಾಗಿ ನಡೆದದ್ದನ್ನು ನೆನಪಿನ ಉಗ್ರಾಣಕ್ಕೆ ಸೇರಿಸುವುದು ಇದರ ಕೆಲಸ. ಆದ್ದರಿಂದಲೇ ಅಜ್ಜಿಗೆ ತನ್ನ ಮದುವೆಯ ದಿನ ನೆನಪಿರುತ್ತದೆ, ಬೆಳಿಗ್ಗೆ ರೊಟ್ಟಿ ತಿಂದದ್ದು ನೆನಪಿರುವುದಿಲ್ಲ. “ನನಗ ಯಾರೂ ಊಟಕ್ಕ ಹಾಕಿಲ್ಲ” ಎಂದು ಆಕೆ ನೆರೆಯವರ ಮುಂದೆ ಹೇಳಿದರೆ ಅದು ಸೊಸೆಯ ಮೇಲಿನ ಚಾಡಿಯಲ್ಲ. ಆಕೆಯ ಪಾಲಿಗೆ ಆ ಊಟ ನಡೆದೇ ಇಲ್ಲ. ಇಷ್ಟನ್ನು ತಿಳಿದುಕೊಂಡರೆ ಎಷ್ಟೋ ಮನೆಗಳ ಜಗಳ ಕಡಿಮೆಯಾದೀತು.

ಕೈ ಮರೆಯದ ವಿದ್ಯೆ

ಆದರೆ ನೆನಪು ಎಂಬುದು ಒಂದೇ ಪೆಟ್ಟಿಗೆಯಲ್ಲಿಲ್ಲ. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬ ಯುವಕನಿಗೆ ಮೂರ್ಛೆರೋಗ ವಾಸಿ ಮಾಡಲೆಂದು ಶಸ್ತ್ರಚಿಕಿತ್ಸೆ ಮಾಡಿ ಎರಡೂ ಬದಿಯ ಹಿಪೊಕ್ಯಾಂಪಸಿನ ಬಹುಭಾಗವನ್ನು ತೆಗೆದುಬಿಟ್ಟರು. ಮೂರ್ಛೆ ಕಡಿಮೆಯಾಯಿತು. ಆದರೆ ಅಂದಿನಿಂದ 2008ರಲ್ಲಿ ಸಾಯುವವರೆಗೂ ಆತನಿಗೆ ಹೊಸ ಸಂಗತಿ ಯಾವುದೂ ನೆನಪಿನಲ್ಲಿ ನಿಲ್ಲಲಿಲ್ಲ. ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ ಆತನಿಗೆ ಒಂದು ಕೆಲಸ ಕೊಟ್ಟರು. ಕನ್ನಡಿಯಲ್ಲಿ ಮಾತ್ರ ನೋಡುತ್ತ ನಕ್ಷತ್ರವೊಂದರ ಗೆರೆಯ ಮೇಲೆ ಪೆನ್ಸಿಲ್ ಎಳೆಯಬೇಕು. ಮೊದಲ ದಿನ ತಪ್ಪುಗಳ ರಾಶಿ. ಮೂರನೆಯ ದಿನ ಗೆರೆ ನೆಟ್ಟಗೆ ಬಂತು. ಹಿಂದೆ ಈ ಕೆಲಸ ಮಾಡಿದ್ದೇ ಆತನಿಗೆ ನೆನಪಿರಲಿಲ್ಲ! ಘಟನೆಗಳ ನೆನಪೇ ಬೇರೆ, ಕೈಗಳ ಕಲಿಕೆಯೇ ಬೇರೆ ಎಂಬುದು ಇದರಿಂದ ಸ್ಪಷ್ಟವಾಯಿತು. ಕೈಯ ಕಲಿಕೆಗೆ ಮೆದುಳಿನ ಬೇರೆ ಭಾಗಗಳು ಆಧಾರ. ಆಲ್ಜೈಮರ್ ರೋಗದಲ್ಲಿ ಅವು ಸಾಮಾನ್ಯವಾಗಿ ಬಹಳ ಕಾಲ ಉಳಿದುಕೊಳ್ಳುತ್ತವೆ.

ಇಳಕಲ್ಲಿನ ಪಾಲಿಗೆ ಇದು ಮುಖ್ಯವಾದ ಮಾತು. ಇಲ್ಲಿಯ ಸೀರೆಯ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿ ಜೋಡಿಸುವ ಕೆಲಸ ಹೇಳಿಕೊಟ್ಟು ಬರುವಂತಹದಲ್ಲ. ವರ್ಷಗಟ್ಟಲೆ ಕೂತು ಕೈಗೆ ಹತ್ತಬೇಕು. ಹಾಗೆ ಐವತ್ತು ವರ್ಷ ಕುಣಿಮಗ್ಗದಲ್ಲಿ ಕೂತು ನೇಯ್ದ ಒಬ್ಬ ಅಜ್ಜನನ್ನು ಕಲ್ಪಿಸಿಕೊಳ್ಳಿ. ಈಗ ಆತನಿಗೆ ಮರೆಗುಳಿ ರೋಗ. ನಡುರಾತ್ರಿ ಎದ್ದು, “ಮಗ್ಗಕ್ಕ ಹೊತ್ತಾತು” ಎಂದು ಬಾಗಿಲು ತೆಗೆಯುತ್ತಾರೆ. “ಮಾವಾರ, ಇನ್ನೂ ಬೆಳಕ ಹರಿದಿಲ್ರಿ, ಮಕ್ಕೋರಿ” ಎಂದು ಸೊಸೆ ಕೈಹಿಡಿದು ಕರೆತರುತ್ತಾಳೆ. ಸೊಸೆಯ ಹೆಸರು ಅವರಿಗೆ ಗೊತ್ತಿಲ್ಲ. ಆದರೆ ರಾಟಿಯ ಮುಂದೆ ಕೂರಿಸಿ ಕಂಡಿಕಿ ಕೈಗೆ ಕೊಟ್ಟರೆ ನೂಲು ಹರಿಯದಂತೆ ಸುತ್ತುತ್ತಾರೆ. ಆ ಹೊತ್ತಿನಲ್ಲಿ ಮುಖದ ಗಾಬರಿ ಇಳಿದು ಶಾಂತವಾಗುತ್ತದೆ. ಔಷಧದ ಅಂಗಡಿಯಲ್ಲಿ ಸಿಗದ ಮದ್ದು ಇದು.

ಮನೆಯೋ, ಆಶ್ರಮವೋ?

ಈ ಅಜ್ಜನನ್ನು ಹಗಲೂ ರಾತ್ರಿ ನೋಡಿಕೊಳ್ಳುವವರು ಯಾರು? ಮಗ ದುಡಿಯಲು ಹೊರಗೆ ಹೋಗಬೇಕು. ಇನ್ನೊಬ್ಬ ಮಗ ಬೆಂಗಳೂರಿನಲ್ಲೋ ಪುಣೆಯಲ್ಲೋ ನೌಕರಿಯಲ್ಲಿದ್ದಾನೆ. ಭಾರವೆಲ್ಲ ಸೊಸೆ ಅಥವಾ ಮಗಳ ಮೇಲೆ. ಆಕೆಗೆ ನಿದ್ದೆಯಿಲ್ಲ, ತವರಿಗೆ ಹೋಗುವಂತಿಲ್ಲ, ಕಡೆಗೆ ಆಕೆಯೇ ಹಾಸಿಗೆ ಹಿಡಿಯುತ್ತಾಳೆ. ಇಂತಹ ಸ್ಥಿತಿಯಲ್ಲಿ ಆರೈಕೆ ಕೇಂದ್ರದ ಮಾತು ಬಂದರೆ, “ಮಂದಿ ಏನಂದಾರು?” ಎಂಬ ಪ್ರಶ್ನೆ ಮೊದಲು ಏಳುತ್ತದೆ. ಹೆತ್ತವರನ್ನು ಆಶ್ರಮಕ್ಕೆ ಹಾಕಿದರೆಂಬ ಅಪವಾದಕ್ಕೆ ಹೆದರಿ ಅಜ್ಜನನ್ನು ಒಳಕೋಣೆಯಲ್ಲಿಟ್ಟು ಚಿಲಕ ಹಾಕಿದರೆ ಅದು ಆರೈಕೆಯೆ? ಹಾಗೆಯೇ, ತಿಂಗಳಿಗೊಮ್ಮೆ ಹಣ ಕಟ್ಟಿ ಕೇಂದ್ರದಲ್ಲಿ ಬಿಟ್ಟು ಬಂದು ವರ್ಷವಿಡೀ ಮುಖ ತೋರಿಸದಿದ್ದರೆ ಅದೂ ಆರೈಕೆಯಲ್ಲ.

ಇಂಗ್ಲೆಂಡಿನ ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಟಾಮ್ ಕಿಟ್‌ವುಡ್ ಎಂಬ ಮನಶ್ಶಾಸ್ತ್ರಜ್ಞ ಈ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಕೇಳಿದರು. ರೋಗ ಎಷ್ಟು ಕೆಡಿಸಿದೆ ಎಂದು ನೋಡಿದರೆ ಸಾಲದು, ಸುತ್ತಲಿನವರ ನಡವಳಿಕೆ ಎಷ್ಟು ಕೆಡಿಸಿದೆ ಎಂದೂ ನೋಡಬೇಕು ಎಂಬುದು ಅವರ ವಾದ. ರೋಗಿಯ ಎದುರಿಗೇ ಅವರಿಲ್ಲವೆಂಬಂತೆ ಮಾತನಾಡುವುದು, ಅವಸರಿಸುವುದು, ಮಗುವಿನಂತೆ ಗದರಿಸುವುದು, ಕೈಯಲ್ಲಾಗುವ ಕೆಲಸವನ್ನೂ ಕಸಿದುಕೊಂಡು ತಾವೇ ಮಾಡುವುದು – ಇವೆಲ್ಲ ದುರುದ್ದೇಶದಿಂದ ನಡೆಯುವುದಿಲ್ಲ. ಆದರೂ ಮನುಷ್ಯನ ಮನುಷ್ಯತ್ವವನ್ನೇ ತುಸುತುಸುವಾಗಿ ಸವೆಸುತ್ತವೆ. ಸಾಂತ್ವನ, ಬಾಂಧವ್ಯ, ನಾಲ್ವರ ನಡುವೆ ಜಾಗ, ಕೈಗೊಂದು ಕೆಲಸ, ತನ್ನದೇ ಗುರುತು – ಈ ಐದು ಎಸಳುಗಳ ಹೂವೊಂದನ್ನು ಅವರು ಚಿತ್ರಿಸಿದರು. ನಡುವಿನಲ್ಲಿ ಬರೆದ ಮಾತು ಪ್ರೀತಿ. 1997ರಲ್ಲಿ ಪ್ರಕಟವಾದ ಅವರ ಪುಸ್ತಕ ಅನೇಕ ದೇಶಗಳಲ್ಲಿ ಆರೈಕೆಯ ರೀತಿಯನ್ನು ಬದಲಿಸಿತು.

ಸುಖಕ್ಕೊಂದು ಅಳತೆಗೋಲು

ಪ್ರೀತಿ, ನೆಮ್ಮದಿ ಎಂಬ ಮಾತುಗಳು ಕೇಳಲು ಚೆನ್ನ. ವಿಜ್ಞಾನಕ್ಕೆ ಅಳತೆ ಬೇಕು. ಎರಡು ಕೇಂದ್ರಗಳಲ್ಲಿ ಯಾವುದು ಮೇಲು, ಹೊಸ ಪದ್ಧತಿಯಿಂದ ಉಪಯೋಗವಾಯಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ? ರಕ್ತದೊತ್ತಡ ಅಳೆದಂತೆ ನೆಮ್ಮದಿಯನ್ನು ಅಳೆಯಲಾದೀತೆ?

ಮೊದಲ ಉಪಾಯ ಸರಳ: ರೋಗಿಯನ್ನೇ ಕೇಳುವುದು. ಅಮೆರಿಕದ ರೆಬೆಕಾ ಲಾಗ್ಸ್‌ಡನ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ 13 ಅಂಶಗಳಿವೆ. ದೇಹಾರೋಗ್ಯ, ಹುರುಪು, ಮನಸ್ಸಿನ ಸ್ಥಿತಿ, ವಾಸದ ಜಾಗ, ಮನೆಯವರು, ಗೆಳೆಯರು, ಮನೆಗೆಲಸ ಮಾಡುವ ಶಕ್ತಿ, ಸಂತೋಷದ ಹವ್ಯಾಸ, ಹಣಕಾಸು ಮುಂತಾದವು. ಪ್ರತಿಯೊಂದಕ್ಕೂ ಕೆಟ್ಟದ್ದು ಎಂದರೆ 1, ಬಹಳ ಚೆನ್ನ ಎಂದರೆ 4 ಅಂಕ. ಹಾಗಾದರೆ ಕನಿಷ್ಠ 13, ಗರಿಷ್ಠ 52. ಮರೆವಿದ್ದವರ ಉತ್ತರ ನಂಬಬಹುದೆ ಎಂಬ ಸಂಶಯ ಸಹಜ. ಆದರೆ ರೋಗ ಮಧ್ಯಮ ಹಂತ ತಲುಪಿದ ಎಷ್ಟೋ ಜನ ಇಂದು ಯಾವ ವಾರವೆಂದು ಹೇಳಲಾರರಾದರೂ ತಮಗೆ ಸಂತೋಷವಿದೆಯೋ ಇಲ್ಲವೋ ಎಂಬುದನ್ನು ಹೇಳಬಲ್ಲರು.

ಇಲ್ಲಿ ಒಂದು ವಿಚಿತ್ರ ಕಂಡುಬಂತು. ಅದೇ ಪಟ್ಟಿಯನ್ನು ಮನೆಯವರಿಗೋ ದಾದಿಯರಿಗೋ ಕೊಟ್ಟು “ಇವರ ಬದುಕು ಹೇಗಿದೆ?” ಎಂದು ಕೇಳಿದರೆ, ಸಾಮಾನ್ಯವಾಗಿ ರೋಗಿ ತಾನೇ ಕೊಟ್ಟುಕೊಂಡದ್ದಕ್ಕಿಂತ ಕಡಿಮೆ ಅಂಕ ಬರುತ್ತದೆ. ಮಗಳು ಕೊಡುವ ಅಂಕದಲ್ಲಿ ಆಕೆಯದೇ ದಣಿವು, ದುಃಖ ಸೇರಿರುತ್ತವೆ. ದಾದಿಯ ಅಂಕದಲ್ಲಿ ಆ ರೋಗಿಗೆ ಎಷ್ಟು ಕೆಲಸ ಮಾಡಬೇಕಾಗುತ್ತದೆ ಎಂಬುದು ಸೇರಿರುತ್ತದೆ. “ಇವರದೂ ಒಂದು ಬದುಕೆ?” ಎಂದು ನಿಟ್ಟುಸಿರು ಬಿಡುವವರು ಈ ಫಲಿತಾಂಶವನ್ನು ನೆನಪಿಡಬೇಕು. ಹೊರಗಿನಿಂದ ನೋಡುವವರಿಗೆ ಬರಡಾಗಿ ಕಂಡ ಬದುಕು ಒಳಗಿರುವವರಿಗೆ ಹಾಗೆ ಇರಲಿಕ್ಕಿಲ್ಲ.

ಮಾತೇ ನಿಂತುಹೋದವರಿಗೆ? ಅವರಿಗಾಗಿ 2000ದಲ್ಲಿ 11 ಅಂಶಗಳ ಇನ್ನೊಂದು ಪಟ್ಟಿ ಬಂತು. ಕಳೆದ ಏಳು ದಿನಗಳಲ್ಲಿ ಇವರು ನಕ್ಕರೆ? ಅತ್ತರೆ? ಮುಖದಲ್ಲಿ ನೋವು ಕಂಡಿತೆ? ಊಟವನ್ನು ಸವಿದರೆ? ಯಾರಾದರೂ ಕೈ ಮುಟ್ಟಿದರೆ ಹಿತವೆನಿಸಿತೆ? ಶಾಂತರಾಗಿದ್ದರೆ? ದಿನಾಲೂ ಜೊತೆಯಲ್ಲಿರುವವರು ಇದಕ್ಕೆ ಉತ್ತರಿಸುತ್ತಾರೆ. ಕಿಟ್‌ವುಡ್ ಅವರ ತಂಡದ ವಿಧಾನ ಮತ್ತೂ ಸೂಕ್ಷ್ಮ. ತರಬೇತಿ ಪಡೆದವರೊಬ್ಬರು ಕೇಂದ್ರದ ಹಜಾರದಲ್ಲಿ ಗಂಟೆಗಟ್ಟಲೆ ಕೂತು, ಪ್ರತಿ ಐದು ನಿಮಿಷಕ್ಕೊಮ್ಮೆ ಒಬ್ಬೊಬ್ಬರೂ ಏನು ಮಾಡುತ್ತಿದ್ದಾರೆ, ಮುಖಭಾವ ಹೇಗಿದೆ ಎಂದು ಗುರುತು ಹಾಕುತ್ತಾರೆ. ತೀವ್ರ ಸಂಕಟಕ್ಕೆ ಋಣ 5, ಮೈಮರೆಯುವ ಆನಂದಕ್ಕೆ ಧನ 5. ಸಂಜೆಯ ಹೊತ್ತಿಗೆ ಆ ದಿನದ ನಕ್ಷೆ ಸಿದ್ಧ. ಹಾಸಿಗೆ ಹೊದಿಕೆ ಶುಭ್ರವಾಗಿದ್ದೂ ದಿನವಿಡೀ ಯಾರೂ ಮಾತನಾಡಿಸದ ರೋಗಿಯ ಸಂಕಟ ಇಂತಹ ನಕ್ಷೆಯಲ್ಲಿ ಕಾಣದೆ ಇರದು.

ಫಲ ಕೊಟ್ಟ ಸಣ್ಣ ಸಂಗತಿಗಳು

ಹೀಗೆ ಅಳೆದು ನೋಡಿದಾಗ ಯಾವುದು ಫಲ ಕೊಟ್ಟಿತು? ಬ್ರಿಟನ್ನಿನ 69 ಆರೈಕೆ ಕೇಂದ್ರಗಳ 800ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಪ್ರಯೋಗವೊಂದರ ಫಲಿತಾಂಶ 2018ರಲ್ಲಿ ಬಂತು. ರೋಗಿಯ ಇಷ್ಟಾನಿಷ್ಟ ತಿಳಿದು ಆರೈಕೆ ಮಾಡಲು ಸಿಬ್ಬಂದಿಗೆ ತರಬೇತಿ, ಅದರ ಜೊತೆಗೆ ವಾರಕ್ಕೆ ಒಂದು ಗಂಟೆಯಷ್ಟು ಹೆಚ್ಚುವರಿ ಒಡನಾಟ – ಇಷ್ಟರಿಂದಲೇ ರೋಗಿಗಳ ಜೀವನದ ಗುಣಮಟ್ಟ ಏರಿತು, ಚಡಪಡಿಕೆ ಇಳಿಯಿತು, ಖರ್ಚೂ ಉಳಿಯಿತು. ವಾರಕ್ಕೆ ಒಂದು ಗಂಟೆಯೆಂದರೆ ದಿನಕ್ಕೆ ಒಂಬತ್ತು ನಿಮಿಷವೂ ಆಗಲಿಲ್ಲ!

ನಾರ್ವೆಯ 18 ಕೇಂದ್ರಗಳಲ್ಲಿ 352 ರೋಗಿಗಳ ಮೇಲೆ ನಡೆದ ಇನ್ನೊಂದು ಪ್ರಯೋಗ 2011ರಲ್ಲಿ ಪ್ರಕಟವಾಯಿತು. ಕೂಗಾಡುವ, ಹೊಡೆಯಲು ಬರುವ ರೋಗಿಗಳಿಗೆ ಹಂತಹಂತವಾಗಿ ನೋವಿನ ಚಿಕಿತ್ಸೆ ಕೊಟ್ಟಾಗ ಚಡಪಡಿಕೆ ಶೇ 17ರಷ್ಟು ತಗ್ಗಿತು. ಅಂದರೆ ಅವರಲ್ಲಿ ಅನೇಕರಿಗೆ ಮಂಡಿ, ಸೊಂಟ, ಹಲ್ಲು ನೋಯುತ್ತಿತ್ತು, ಹೇಳಲು ಮಾತಿರಲಿಲ್ಲ. ಮಲಬದ್ಧತೆ, ಮೂತ್ರದ ಸೋಂಕು, ನೀರಡಿಕೆ ಕೂಡ ಇಂತಹ ಗಲಾಟೆಗೆ ಕಾರಣವಾಗುತ್ತವೆ. ಇದನ್ನು ಹುಡುಕದೆ ನಿದ್ದೆ ಬರಿಸುವ, ಮಂಕುಗೊಳಿಸುವ ಗುಳಿಗೆ ಕೊಡುವುದು ಸುಲಭದ ದಾರಿ. ಮನೋರೋಗಕ್ಕೆ ಕೊಡುವ ಇಂತಹ ಕೆಲವು ಔಷಧಗಳಿಂದ ಡಿಮೆನ್ಷಿಯಾ ಇರುವ ವೃದ್ಧರಲ್ಲಿ ಸಾವಿನ ಸಂಭವ ಹೆಚ್ಚುತ್ತದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲಿಯೇ ಎಚ್ಚರಿಸಿದೆ. ಕೆಲವೊಮ್ಮೆ ಅವು ಅನಿವಾರ್ಯ. ಆದರೆ ವೈದ್ಯರ ನಿಗಾದಲ್ಲಿ, ಕಡಿಮೆ ಪ್ರಮಾಣದಲ್ಲಿ, ಕಡಿಮೆ ಕಾಲ ಮಾತ್ರ.

ತಟ್ಟೆಯ ಬಣ್ಣದಿಂದಲೂ ವ್ಯತ್ಯಾಸವಾಗುತ್ತದೆ. ರೋಗ ಮುಂದುವರಿದಂತೆ ಬಣ್ಣ, ಅಂಚುಗಳನ್ನು ಬೇರೆ ಮಾಡಿ ನೋಡುವ ಶಕ್ತಿ ಕುಂದುತ್ತದೆ. ಬಿಳಿ ತಟ್ಟೆಯಲ್ಲಿ ಬಿಳಿ ಅನ್ನ ಅವರಿಗೆ ಸರಿಯಾಗಿ ಕಾಣುವುದೇ ಇಲ್ಲ. ಅಮೆರಿಕದಲ್ಲಿ 2004ರಲ್ಲಿ ವರದಿಯಾದ ಪ್ರಯೋಗದಲ್ಲಿ ಕಡುಕೆಂಪು ತಟ್ಟೆ ಲೋಟಗಳನ್ನು ಕೊಟ್ಟಾಗ ರೋಗಿಗಳು ತಿಂದ ಆಹಾರ ಶೇ 25ರಷ್ಟು, ಕುಡಿದ ದ್ರವ ಶೇ 84ರಷ್ಟು ಹೆಚ್ಚಿತು. ಪ್ರಯೋಗದಲ್ಲಿದ್ದವರು ಒಂಬತ್ತೇ ಜನ. ಆದ್ದರಿಂದ ಅಂಕಿಗಳನ್ನು ಹಾಗೆಯೇ ನಂಬಬೇಕಿಲ್ಲ. ಆದರೆ ನುಚ್ಚು ಮಜ್ಜಿಗೆಯನ್ನು ಬಣ್ಣದ ಬಟ್ಟಲಿನಲ್ಲಿ ಕೊಟ್ಟು ನೋಡಲು ಯಾರಿಗೂ ಖರ್ಚಿಲ್ಲ.

ಎಲ್ಲಕ್ಕಿಂತ ಮನಮುಟ್ಟುವ ಪ್ರಯೋಗ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ್ದು. 2014ರಲ್ಲಿ ಪ್ರಕಟವಾದ ಇದರಲ್ಲಿ 17 ಆಲ್ಜೈಮರ್ ರೋಗಿಗಳಿಗೆ ದುಃಖದ ಮತ್ತು ಸಂತೋಷದ ಚಲನಚಿತ್ರದ ತುಣುಕುಗಳನ್ನು ತೋರಿಸಿದರು. ಸ್ವಲ್ಪ ಹೊತ್ತಿಗೆ ಅವರಿಗೆ ಚಿತ್ರದ ನೆನಪು ಹೋಯಿತು. ಕೆಲವರಿಗೆ ಚಿತ್ರ ನೋಡಿದ್ದೇ ಮರೆಯಿತು. ಆದರೆ ಆ ದುಃಖ, ಆ ಸಂತೋಷ ಉಳಿದೇ ಇತ್ತು. ಬಂದದ್ದು ನೆನಪಿರದ ಮೇಲೆ ಭೇಟಿಗೆ ಹೋಗಿ ಏನು ಪ್ರಯೋಜನ ಎಂದು ಕೇಳುವ ಮಕ್ಕಳಿಗೆ ಉತ್ತರ ಇಲ್ಲಿದೆ. ಗದರಿಸಿದ್ದು ಮರೆತುಹೋಗುತ್ತದೆ ಎಂದುಕೊಳ್ಳುವವರಿಗೂ ಇದೇ ಉತ್ತರ.

“ಮನೀಗೆ ಹೋಗೂಣು”

ಆರೈಕೆ ಕೇಂದ್ರಗಳಲ್ಲಿ, ಎಷ್ಟೋ ಸಲ ಸ್ವಂತ ಮನೆಯಲ್ಲಿಯೂ, ರೋಗಿಗಳು ಪದೇ ಪದೇ ಆಡುವ ಮಾತು ಇದು. ಬಾಗಲಕೋಟೆಯವರಿಗೆ ಈ ಮಾತಿನ ಭಾರ ಹೆಚ್ಚು ತಿಳಿದೀತು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗಾಗಿ ಹಳೆಯ ಊರಿನ ಸಾವಿರಾರು ಮನೆಗಳನ್ನು ಬಿಟ್ಟು ಜನ ನವನಗರಕ್ಕೆ ಬಂದರು. ಹಾಗೆ ಬಂದವರೊಬ್ಬರಿಗೆ ಇಂದು ಮರೆಗುಳಿ ರೋಗ ಬಂದರೆ, ಮೊದಲು ಅಳಿಸುವುದು ನವನಗರದ ನೆನಪು. ಉಳಿಯುವುದು ನೀರಿನಲ್ಲಿ ಮುಳುಗಿದ ಓಣಿಯ ನೆನಪು. “ಮನೀಗೆ ಹೋಗೂಣು” ಎಂದಾಗ “ಆ ಮನೀ ನೀರಾಗ ಮುಳಿಗೇತಿ” ಎಂದು ತಿದ್ದಿದರೆ ಅವರು ಆ ಸುದ್ದಿಯನ್ನು ಅಂದೇ ಮೊದಲು ಕೇಳಿದವರಂತೆ ಗೋಳಿಡುತ್ತಾರೆ. ನಾಳೆ ಮತ್ತೆ ಅದೇ ಪ್ರಶ್ನೆ, ಮತ್ತೆ ಅದೇ ಗೋಳು.

ಅನುಭವಿ ಆರೈಕೆದಾರರು ತಿದ್ದುವುದಿಲ್ಲ, ಸುಳ್ಳು ಭರವಸೆಯನ್ನೂ ಕೊಡುವುದಿಲ್ಲ. “ನಿಮ್ಮ ಮನೀ ಮುಂದ ಏನಿತ್ತರೀ? ಬೇವಿನ ಗಿಡ ಇತ್ತೇನು?” ಎಂದು ಕೇಳುತ್ತಾರೆ. ಮಾತು ಮನೆಯ ಕಡೆಗೇ ಹರಿಯುತ್ತದೆ, ಮನಸ್ಸು ಹಗುರವಾಗುತ್ತದೆ. ಮನೆಯೆಂದರೆ ಅವರಿಗೆ ಬೇಕಾಗಿರುವುದು ಗೋಡೆಯಲ್ಲ, ಪರಿಚಯದ ಭಾವನೆ. ಹಾಲೆಂಡಿನ ವೀಸ್ಪ್ ಎಂಬಲ್ಲಿ 2009ರಲ್ಲಿ ಆರಂಭವಾದ ಹೋಗೆವೈಕ್ ಎಂಬ ಕೇಂದ್ರವನ್ನು ಇದೇ ಕಾರಣಕ್ಕೆ ಒಂದು ಪುಟ್ಟ ಊರಿನಂತೆ ಕಟ್ಟಿದ್ದಾರೆ. ಅಲ್ಲಿ ಅಂಗಡಿಯಿದೆ, ಬೀದಿಯಿದೆ, ತೋಟವಿದೆ. ಮನೆಗಳಲ್ಲಿ ಒಂದೇ ಬಗೆಯ ಜೀವನಕ್ರಮದವರು ಕೂಡಿ ಇರುತ್ತಾರೆ. ಅಷ್ಟು ಹಣ ನಮ್ಮಲ್ಲಿ ಇಲ್ಲದಿರಬಹುದು. ಆದರೆ ಕಟ್ಟೆಯ ಮೇಲೆ ಕೂರುವುದು, ಜೋಳ ಹಸನು ಮಾಡುವುದು, ಹೂ ಕಟ್ಟುವುದು, ಭಜನೆ ಕೇಳುವುದು ಇವಕ್ಕೆ ಹಾಲೆಂಡಿಗೆ ಹೋಗಬೇಕಿಲ್ಲ.

ಕೇಂದ್ರವನ್ನು ನೋಡಲು ಹೋದಾಗ

ಆರೈಕೆ ಕೇಂದ್ರ ಹುಡುಕುವ ಮನೆಯವರು ಸಾಮಾನ್ಯವಾಗಿ ಕಟ್ಟಡ, ಹಾಸಿಗೆ, ಶುಲ್ಕ ವಿಚಾರಿಸುತ್ತಾರೆ. ಅದು ಬೇಕು, ಅಷ್ಟೇ ಸಾಲದು. ಸಾಮಾನ್ಯ ವೃದ್ಧಾಶ್ರಮವೇ ಬೇರೆ, ಡಿಮೆನ್ಷಿಯಾ ಆರೈಕೆಯೇ ಬೇರೆ ಎಂಬುದನ್ನು ಮೊದಲು ತಿಳಿಯಬೇಕು. ನಂತರ ಕೆಲವು ಪ್ರಶ್ನೆಗಳನ್ನು ಕೇಳಬೇಕು. ಒಬ್ಬ ಆರೈಕೆದಾರರಿಗೆ ಹಗಲು ಎಷ್ಟು ರೋಗಿಗಳು, ರಾತ್ರಿ ಎಷ್ಟು? ಅವರಿಗೆ ಈ ರೋಗದ ತರಬೇತಿ ಆಗಿದೆಯೆ? ರೋಗಿಯ ಭಾಷೆ ಅವರಿಗೆ ಬರುತ್ತದೆಯೆ? ಉತ್ತರ ಕರ್ನಾಟಕದ ಅಜ್ಜಿಗೆ ಕನ್ನಡವೇ ಬಾರದ ದಾದಿ ಸಿಕ್ಕರೆ ಅರ್ಧ ರೋಗ ಅಲ್ಲಿಯೇ ಹೆಚ್ಚೀತು. ಮಂಕುಗೊಳಿಸುವ ಔಷಧ ಕೊಡುವ ಮುನ್ನ ಮನೆಯವರನ್ನು ಕೇಳುತ್ತಾರೆಯೆ? ಕಟ್ಟಿಹಾಕುವ ಪದ್ಧತಿ ಇದೆಯೆ? ಮನೆಯವರು ಯಾವ ಹೊತ್ತಿನಲ್ಲಿಯಾದರೂ ಬರಬಹುದೆ? ಬೆಳಗಿನಿಂದ ಸಂಜೆಯವರೆಗೆ ರೋಗಿ ಏನು ಮಾಡುತ್ತಾರೆ? ಕೊನೆಯ ಪ್ರಶ್ನೆಗೆ “ಟಿ.ವಿ. ನೋಡುತ್ತಾರೆ” ಎಂಬುದೊಂದೇ ಉತ್ತರವಾದರೆ ಮುಂದಿನ ಕೇಂದ್ರ ನೋಡುವುದು ಒಳ್ಳೆಯದು. ಸಾಧ್ಯವಾದರೆ ಹಜಾರದಲ್ಲಿ ಒಂದು ಗಂಟೆ ಸುಮ್ಮನೆ ಕೂತು ಮುಖಗಳನ್ನು ನೋಡಬೇಕು. ಮೇಲೆ ಹೇಳಿದ ಪಟ್ಟಿಯ ಪ್ರಶ್ನೆಗಳು ಅಲ್ಲಿ ನೆರವಿಗೆ ಬರುತ್ತವೆ.

ನೆರವು ಎಲ್ಲಿ?

ಮೊದಲ ಹೆಜ್ಜೆ ತಪಾಸಣೆ. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ದೋಷ, ಖಿನ್ನತೆ, ತಲೆಗೆ ಪೆಟ್ಟು ಬಿದ್ದು ಒಳಗೆ ರಕ್ತ ಹೆಪ್ಪುಗಟ್ಟುವುದು – ಇವುಗಳಿಂದಲೂ ಮರೆವು ಬರುತ್ತದೆ, ಚಿಕಿತ್ಸೆಯಿಂದ ಸುಧಾರಿಸುತ್ತದೆ. “ಅರಳು ಮರಳು” ಎಂದು ಕೈಬಿಟ್ಟರೆ ವಾಸಿಯಾಗುವ ರೋಗವೂ ಕೈತಪ್ಪೀತು. ಈ ಭಾಗದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ಡಿಮ್ಹಾನ್ಸ್, ಇದೆ. ಬೆಂಗಳೂರಿನ ನಿಮ್ಹಾನ್ಸ್ ಸಹಯೋಗದಲ್ಲಿ ರಾಜ್ಯ ಸರ್ಕಾರ 2022ರಲ್ಲಿ ಮೆದುಳು ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು. ಬೆಂಗಳೂರಿನ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಡಿಮೆನ್ಷಿಯಾ ರೋಗಿಗಳಿಗಾಗಿಯೇ ಕೇಂದ್ರ ನಡೆಸುತ್ತಿದೆ. 1992ರಲ್ಲಿ ಕೇರಳದ ಕೊಚ್ಚಿಯಲ್ಲಿ ಹುಟ್ಟಿದ ಆಲ್ಜೈಮರ್ ರೋಗಿಗಳ ಸಂಘದ ಶಾಖೆ ಬೆಂಗಳೂರಿನಲ್ಲಿಯೂ ಇದೆ. ದೂರವಾಣಿಯಲ್ಲಿ ಹಿರಿಯರ ಸಹಾಯವಾಣಿ 14567, ಮಾನಸಿಕ ಆರೋಗ್ಯಕ್ಕೆ 14416 ಸಂಖ್ಯೆಗಳಿವೆ.

ಕಾನೂನಿನ ಬೆಂಬಲವೂ ಉಂಟು. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆ ಮಕ್ಕಳ ಹೊಣೆಯನ್ನು ಹೇಳುತ್ತದೆ. ಹಿರಿಯರನ್ನು ಬೀದಿಪಾಲು ಮಾಡಿದವರಿಗೆ ಮೂರು ತಿಂಗಳವರೆಗೆ ಸೆರೆಮನೆ ವಿಧಿಸಬಹುದು. ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಸ್ಥಳವಿರುವ ವೃದ್ಧಾಶ್ರಮವನ್ನು ಸರ್ಕಾರ ತೆರೆಯಬಹುದೆಂದು ಅದೇ ಕಾಯ್ದೆಯಲ್ಲಿದೆ. ಆದರೆ ಡಿಮೆನ್ಷಿಯಾ ಆರೈಕೆಯ ವಿಶೇಷ ಕೇಂದ್ರಗಳು ಹೆಚ್ಚಾಗಿ ದೊಡ್ಡ ನಗರಗಳಲ್ಲಿವೆ. ಇಳಕಲ್ಲಿನ ಅಜ್ಜನನ್ನು ನೂರಾರು ಕಿಲೋಮೀಟರ್ ದೂರದ ಬೆಂಗಳೂರಿಗೆ ಕಳಿಸಿದರೆ ಅವರಿಗೆ ರಾಟಿಯ ಸದ್ದೂ ಇಲ್ಲ, ಮೊಮ್ಮಕ್ಕಳ ಮುಖವೂ ಇಲ್ಲ. ತಾಲ್ಲೂಕಿಗೊಂದು ಹಗಲು ಆರೈಕೆ ಕೇಂದ್ರವಾದರೂ ಇದ್ದರೆ, ಬೆಳಿಗ್ಗೆ ಬಿಟ್ಟು ಸಂಜೆ ಕರೆತರುವಂತಾದರೆ, ಸೊಸೆಯ ಜೀವವೂ ಅಜ್ಜನ ಜೀವವೂ ಉಳಿಯುತ್ತವೆ. ಶಾಲೆ, ಅಂಗನವಾಡಿ ಬೇಕೆಂದು ಕೇಳಿದ ಊರುಗಳು ಇನ್ನು ಮುಂದೆ ಇದನ್ನೂ ಕೇಳಬೇಕಾಗಿದೆ.

ತಡೆಯಬಹುದೆ?

ಪೂರ್ತಿಯಾಗಿ ತಡೆಯುವ ಮದ್ದಿಲ್ಲ. ಆದರೆ ಜಗತ್ತಿನ ಡಿಮೆನ್ಷಿಯಾ ಪ್ರಕರಣಗಳಲ್ಲಿ ಸುಮಾರು ಶೇ 45ರಷ್ಟನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯವಿದೆ ಎಂದು ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಲೆಕ್ಕ ಹಾಕಿತು. ಅದು ಹೇಳಿದ ಕಾರಣಗಳು 14: ಕಡಿಮೆ ಶಿಕ್ಷಣ, ಕಿವುಡು, ದೃಷ್ಟಿದೋಷ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೆಟ್ಟ ಕೊಲೆಸ್ಟರಾಲ್, ಬೊಜ್ಜು, ವ್ಯಾಯಾಮವಿಲ್ಲದಿರುವುದು, ಧೂಮಪಾನ, ಅತಿಯಾದ ಮದ್ಯಪಾನ, ತಲೆಗೆ ಪೆಟ್ಟು, ಖಿನ್ನತೆ, ಒಂಟಿತನ, ವಾಯುಮಾಲಿನ್ಯ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ಸುತ್ತಿ ಜನರಿಂದ ಬೇಡಿದ್ದು ಅವರ ದುಶ್ಚಟಗಳನ್ನು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಆ ಜೋಳಿಗೆಗೆ ಬಿದ್ದ ಬೀಡಿ, ಬಾಟಲಿಗಳು ಈ ಪಟ್ಟಿಯಲ್ಲಿಯೂ ಇವೆ ಎಂಬುದನ್ನು ಗಮನಿಸಬೇಕು. ಕಲ್ಲಿನ ಕ್ವಾರಿ, ವಿದ್ಯುತ್ ಮಗ್ಗದ ಗದ್ದಲದಲ್ಲಿ ದುಡಿಯುವವರು ಕಿವಿಗೆ ರಕ್ಷಣೆ ಹಾಕಿಕೊಳ್ಳುವುದು, ಬೈಕಿನವರು ಹೆಲ್ಮೆಟ್ ಧರಿಸುವುದು, ಹೆಣ್ಣುಮಕ್ಕಳ ಶಾಲೆ ಬಿಡಿಸದಿರುವುದು ಕೂಡ ಮುಪ್ಪಿನ ಮೆದುಳಿಗೆ ಇಂದೇ ಇಡುವ ಠೇವಣಿ.

ಇನ್ನೊಂದು ಸಮಾಧಾನದ ಸಂಗತಿಯಿದೆ. ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ಡಿಮೆನ್ಷಿಯಾ ರೋಗಿಗಳನ್ನು ಅಭ್ಯಸಿಸಿ 2013ರಲ್ಲಿ ಪ್ರಕಟಿಸಿದ ಪ್ರಕಾರ, ಒಂದೇ ಭಾಷೆಯವರಿಗಿಂತ ಎರಡು ಭಾಷೆ ಬಲ್ಲವರಲ್ಲಿ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತು. ಓದುಬರಹ ಬಾರದವರಲ್ಲಿಯೂ ಈ ವ್ಯತ್ಯಾಸವಿತ್ತು. ಒಂದೇ ಓಣಿಯಲ್ಲಿ ಕನ್ನಡ, ಉರ್ದು, ತೆಲುಗು, ಮರಾಠಿ ಕೇಳಿಸುವ ಊರುಗಳ ಮಕ್ಕಳು ಪಕ್ಕದ ಮನೆಯ ಭಾಷೆಯನ್ನು ಕಲಿತರೆ ನಷ್ಟವಂತೂ ಇಲ್ಲ.

ವಿದ್ಯಾರ್ಥಿಗಳಿಗೆ ಎರಡು ಕೆಲಸ

ಮೊದಲನೆಯದು ಪ್ರಯೋಗ. ಕಾಗದದ ಮೇಲೆ ಐದು ಮೂಲೆಯ ನಕ್ಷತ್ರ ಬರೆದು, ಅದರ ಒಳಗೆ ಅರ್ಧ ಸೆಂಟಿಮೀಟರ್ ಬಿಟ್ಟು ಇನ್ನೊಂದು ಬರೆಯಿರಿ. ಎದುರಿಗೆ ಕನ್ನಡಿ ನಿಲ್ಲಿಸಿ. ನಿಮ್ಮ ಕೈ ನೇರವಾಗಿ ಕಾಣದಂತೆ ರಟ್ಟು ಅಡ್ಡ ಹಿಡಿಯಲು ಗೆಳೆಯರಿಗೆ ಹೇಳಿ. ಕನ್ನಡಿಯಲ್ಲಿ ಮಾತ್ರ ನೋಡುತ್ತ ಎರಡು ಗೆರೆಗಳ ನಡುವೆ ಪೆನ್ಸಿಲ್ ನಡೆಸಿ. ಗೆರೆ ದಾಟಿದ ಸಲಗಳನ್ನು ಎಣಿಸಿ. ದಿನಕ್ಕೆ ಐದು ಸಲದಂತೆ ಮೂರು ದಿನ ಮಾಡಿ ನಕ್ಷೆ ಬರೆಯಿರಿ. ಹೆನ್ರಿ ಮೊಲೈಸನ್‌ನ ಕೈ ಕಲಿತದ್ದು ಹೇಗೆಂದು ನಿಮ್ಮ ಕೈಯೇ ಹೇಳುತ್ತದೆ.

ಎರಡನೆಯದು ಪುಸ್ತಕ. ಒಳ್ಳೆಯ ಆರೈಕೆ ಕೇಂದ್ರಗಳು ಪ್ರತಿ ರೋಗಿಯ ಬದುಕಿನ ಕಥೆಯನ್ನು ಬರೆಸಿ ಇಟ್ಟುಕೊಳ್ಳುತ್ತವೆ. ಹುಟ್ಟಿದ ಊರು, ಕಲಿತ ಕಸುಬು, ಮೆಚ್ಚಿನ ಅಡುಗೆ, ಹಾಡು, ಗೆಳೆಯರ ಅಡ್ಡಹೆಸರು, ಹೆದರಿಕೆಯ ಸಂಗತಿ, ಸ್ನಾನಕ್ಕೆ ಬಿಸಿನೀರೋ ತಣ್ಣೀರೋ, ಚಹಕ್ಕೆ ಸಕ್ಕರೆ ಎಷ್ಟು – ಎಲ್ಲವೂ ಅದರಲ್ಲಿರುತ್ತವೆ. ಮಾತು ನಿಂತ ಮೇಲೆ ಆ ಪುಸ್ತಕವೇ ರೋಗಿಯ ಪರವಾಗಿ ಮಾತನಾಡುತ್ತದೆ. ನಿಮ್ಮ ಮನೆಯ ಅಜ್ಜ ಅಜ್ಜಿಯರಿಗೆ ರೋಗ ಬರಲೇಬೇಕೆಂದಿಲ್ಲ. ಆದರೂ ಇನ್ನೂರು ಪುಟದ ಒಂದು ನೋಟುಬುಕ್ಕು ತೆಗೆದುಕೊಂಡು, ಅವರಿಗೆ ನೆನಪು ಚೆನ್ನಾಗಿರುವಾಗಲೇ, ಈ ರಜೆಯಲ್ಲಿ ಬರೆಯಲು ಆರಂಭಿಸಿ. ಪಾಲಕರೂ ಜೊತೆಗೆ ಕೂತು ಕೇಳಲಿ. ಅವರಿಗೂ ಗೊತ್ತಿಲ್ಲದ ಸಂಗತಿಗಳು ಬಹಳ ಇರುತ್ತವೆ.